ಬಾವಿ ದಂಡೆಯ ಲಾವಂಚ

ಮದುವೆ ಮನೆಯಲ್ಲಿ ಲಾವಂಚ ಹಾಕಿದ ನೀರು ಕೊಟ್ಟರೆ ನಾನು ಕುಡಿಯುವುದಿಲ್ಲ. ಅಂಗಡಿಯವನು ಲಾವಂಚದ ಬೀಸಣಿಗೆ, ಲಾವಂಚದ ಸೋಪು, ಲಾವಂಚದ ಚಾಪೆ ಎಂದು ಮುಂದಿಟ್ಟರೆ ಮುಖ ತಿರುಗಿಸಿ ನಡೆಯುತ್ತೇನೆ. ಜೊತೆಗಿದ್ದವರು, ಅಯ್ಯ, ಎಂಥ ತಂಪು ವಾಸನೆ, ಒಂದು ಸಲ ಮೂಸಿ ನೋಡಿ ಎನ್ನುತ್ತಾರೆ. ಅದನ್ನು ಮೂಸಿದರೆ ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಒಬ್ಬರ ಕಡೆ ಬೆರಳು ತೋರಿಸಲು ಬರುವುದಿಲ್ಲ. ಒಬ್ಬ ದೊಡ್ಡ ಸಾಹೇಬ, ಒಬ್ಬ ಗುತ್ತಿಗೆದಾರ, ನನ್ನ ಗಂಡ, ಆಮೇಲೆ ನಾನು. ನನ್ನನ್ನು ಕೊನೆಗೆ ಹೇಳಿಕೊಂಡೆ, ಆದರೆ ಎಲ್ಲ ಶುರುವಾದದ್ದು ನನ್ನಿಂದಲೇ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ ಅದು, ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಮದುವೆಯಾಗಿ, ಅರಿಸಿನ ಆರುವ ಮೊದಲೇ ಗಂಡನ ಹಿಂದೆ ನಾಗಪುರದ ರೈಲು ಹತ್ತಿದವಳು ನಾನು. ಅವರು ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಯಾವ ಆಫೀಸು ಎಂದು ಬರೆಯುವುದಿಲ್ಲ. ಬರೆದರೆ ಅಂಥದ್ದು ಅದೊಂದೇ ಎಂದು ಜನ ತಿಳಿದಾರು. ನಮ್ಮ ಕ್ವಾರ್ಟರ್ಸ್ ಅಮರಾವತಿ ರಸ್ತೆಯ ಕಡೆ, ಊರು ಮುಗಿದು ಹೊಲ ಶುರುವಾಗುವಲ್ಲಿ ಇತ್ತು. ಆ ಕಡೆಯ ವಾಡಿ ಎಂಬ ಜಾಗವೆಂದರೆ ಇವತ್ತಿನವರಿಗೆ ಲಾರಿ, ಗೋದಾಮು, ಡೀಸೆಲ್ ವಾಸನೆ. ಆಗ ಆ ಕಡೆ ನಡೆದರೆ ಜೋಳದ ಹೊಲ, ಕಿತ್ತಳೆ ತೋಟ, ನಡುವೆ ಒಂದು ಹಳ್ಳ ಸಿಗುತ್ತಿತ್ತು.

ಮೊದಲ ಬೇಸಿಗೆಯಲ್ಲೇ ಆ ಊರು ನನ್ನ ಸೊಕ್ಕು ಇಳಿಸಿತು. ಹೋಳಿ ಹುಣ್ಣಿಮೆ ದಾಟಿದ್ದೇ ತಡ, ಮಧ್ಯಾಹ್ನ ಬೀದಿಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ಬಾಗಿಲ ಚಿಲಕ ಮುಟ್ಟಿದರೆ ಬೆರಳು ಸುಡುತ್ತಿತ್ತು. ಒಗೆದು ಹಾಕಿದ ಸೀರೆಯ ಒಂದು ತುದಿ ಹಗ್ಗಕ್ಕೆ ಸಿಕ್ಕಿಸುವುದರೊಳಗೆ ಇನ್ನೊಂದು ತುದಿ ಒಣಗುತ್ತಿತ್ತು. ಆಫೀಸುಗಳಲ್ಲಿ ಸಾಹೇಬರ ಕೋಣೆಗೆ ಮಾತ್ರ ಲಾವಂಚದ ತಟ್ಟಿ ಕಟ್ಟುತ್ತಿದ್ದರು. ಬಿದಿರಿನ ಚೌಕಟ್ಟಿಗೆ ಲಾವಂಚದ ಬೇರು ತುಂಬಿ ಕಿಟಕಿಗೆ ನಿಲ್ಲಿಸುವುದು, ಹೊರಗಿನಿಂದ ಒಬ್ಬ ಆಳು ದಿನವಿಡೀ ಅದಕ್ಕೆ ನೀರು ಎರಚುವುದು. ಬಿಸಿಗಾಳಿ ಆ ಒದ್ದೆ ಬೇರಿನೊಳಗೆ ನುಸುಳಿ ಬರುವಾಗ ತಂಪಾಗಿ, ಘಮಘಮ ಎನ್ನುತ್ತ ಒಳಗೆ ಬರುತ್ತಿತ್ತು. ನನ್ನ ಗಂಡನಂಥವರು ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಕಡತ ಬರೆಯುತ್ತಿದ್ದರು.

ಹಳ್ಳದ ದಂಡೆಯಲ್ಲಿ ಒಬ್ಬ ಮುದುಕಿಯ ತೋಟವಿತ್ತು. ಎಲ್ಲರೂ ಅವಳನ್ನು ಆಜಿ ಎನ್ನುತ್ತಿದ್ದರು. ಮರಾಠಿಯಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಗಂಡ ತೀರಿಹೋಗಿದ್ದ, ಮಗಳನ್ನು ಉಮರೇಡ್ ಕಡೆ ಕೊಟ್ಟಿದ್ದಳು. ಅವಳಿಗಿದ್ದದ್ದು ನಲವತ್ತು ಕಿತ್ತಳೆ ಗಿಡ, ಒಂದು ಜೋಡಿ ಎತ್ತು, ಒಂದು ಬಾವಿ. ಎತ್ತುಗಳು ತೊಗಲಿನ ಚೀಲದಲ್ಲಿ ನೀರೆಳೆಯುವ ಕಪಿಲೆ ಬಾವಿ ಅದು, ಹಳ್ಳದ ಅಂಚಿಗೆ ಇಪ್ಪತ್ತು ಹೆಜ್ಜೆಯೊಳಗೆ. ನಾನು ಮೊದಲು ಅಲ್ಲಿಗೆ ಹೋದದ್ದು ಮನೆಯೊಳಗೆ ಕೂತು ಹುಚ್ಚು ಹಿಡಿದೀತು ಎಂದು. ಮಾತಿಗೆ ಒಂದು ಜೀವ ಸಿಕ್ಕಿತಲ್ಲ ಎಂದು ಮತ್ತೆ ಮತ್ತೆ ಹೋದೆ. ಅವಳದು ವರ್ಹಾಡ ಸೀಮೆಯ ಮರಾಠಿ. ನಾನದನ್ನು ನಮ್ಮ ಧಾರವಾಡದ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಯಲ್ಲಿ ಅದು ಹಾಗೇ ಉಳಿದಿದೆ.

ಅವಳ ಜೊತೆ ನನ್ನ ಮೊದಲ ಜಗಳ ನೀರಿನದು. ಬೇಸಿಗೆಯ ನಡು ಮಧ್ಯ, ಬಾವಿಯಲ್ಲಿ ನೀರಿದೆ, ಕಿತ್ತಳೆ ಗಿಡಗಳ ಎಲೆ ಮುದುಡಿ ಉದುರುತ್ತಿವೆ, ಮುದುಕಿ ಒಂದು ಚೀಲ ನೀರೂ ಎಳೆಸುತ್ತಿಲ್ಲ. ಎಂಥ ಕಲ್ಲೆದೆ ಇವಳದು ಎನಿಸಿತು, ಬಾಯಿ ಬಿಟ್ಟು ಬೈದೂಬಿಟ್ಟೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಇದು ಗಿಡಕ್ಕೆ ಹಾಕುವ ಉಪವಾಸ ಎಂದು ಆಮೇಲೆ ತಿಳಿಸಿ ಹೇಳಿದಳು. ಬಿಸಿಲಿನಲ್ಲಿ ಎರಡು ತಿಂಗಳು ನೀರು ಬಿಡದೆ ಗಿಡವನ್ನು ಬಳಲಿಸಬೇಕು, ಆಗ ಮೃಗಶಿರೆ ಮಳೆ ಬಿದ್ದೊಡನೆ ಮೈತುಂಬ ಹೂ ಬಿಡುತ್ತದೆ. ನಡುವೆ ನೀರು ಕೊಟ್ಟರೆ ಬರೀ ಎಲೆ ಚಿಗುರುತ್ತದೆ, ಹೂವಿಲ್ಲ. ಆದರೆ ಉಪವಾಸ ಬಿಡಿಸಿದ ಮೇಲೆ ಮಳೆ ಕೈಕೊಟ್ಟರೆ ಬಾವಿ ನೀರು ಕೊಡಲೇಬೇಕು. ಬಳಲಿದ ಗಿಡಕ್ಕೆ ಆಗ ನೀರು ತಪ್ಪಿದರೆ ಹೂವಿನ ಜೊತೆ ಗಿಡವೂ ಹೋಗುತ್ತದೆ. ಬಾವಿಯ ಮೇಲೆ ಭರವಸೆ ಇಟ್ಟೇ ಅವಳು ಗಿಡಗಳನ್ನು ಉಪವಾಸ ಹಾಕುತ್ತಿದ್ದಳು. ಆ ವರ್ಷ ಮಳೆ ಬಂದ ಹದಿನೈದು ದಿನಕ್ಕೆ ತೋಟವೆಲ್ಲ ಬಿಳಿ ಹೂವಾಗಿ ಕ್ವಾರ್ಟರ್ಸ್‌ವರೆಗೆ ವಾಸನೆ ಬಂತು, ನಾನು ಹೋಗಿ ತಪ್ಪೊಪ್ಪಿಕೊಂಡು ಬಂದೆ.

ಆ ಬಾವಿ ನೀರು ಕೊಡುತ್ತಿದ್ದದ್ದು ಹಳ್ಳದ ಮಡುವಿನಿಂದ. ಹಳ್ಳ ಬೇಸಿಗೆಯಲ್ಲಿ ಹರಿಯುತ್ತಿರಲಿಲ್ಲ, ಆದರೆ ತೋಟದ ಪಕ್ಕದಲ್ಲಿ ಒಂದು ಆಳದ ಮಡುವಿತ್ತು, ವೈಶಾಖದವರೆಗೂ ಅದರಲ್ಲಿ ನೀರು ನಿಂತಿರುತ್ತಿತ್ತು. ಮಡುವಿನ ಇಳಿಜಾರು ದಂಡೆಯುದ್ದಕ್ಕೂ ಆಳೆತ್ತರದ ಹುಲ್ಲು, ನೀರಿನ ಮೇಲೆ ಬಾಗಿ ನೆರಳು ಚೆಲ್ಲಿಕೊಂಡು. ಆ ನೆರಳಿಗೆ ನೀರು ತಣ್ಣಗಿರುತ್ತಿತ್ತು. ನೀರೊಳಗೆ ಇಳಿದ ಬೇರುಗಳ ನಡುವೆ ಬೆರಳುದ್ದದ ಮೀನುಗಳು ಅಡಗಿರುತ್ತಿದ್ದವು. ಮೀನಿಗಾಗಿ ಒಂದು ಜೋಡಿ ಮಿಂಚುಳ್ಳಿ, ಎರಡು ಬುಡಗಳ ನಡುವಿನ ಮಣ್ಣಿನಲ್ಲಿ ಬಿಲ ಕೊರೆದು ಸಂಸಾರ ಹೂಡಿದ್ದವು. ಹುಲ್ಲಿನ ತೆನೆಗೆ ಬರುವ ಸಣ್ಣ ಹಕ್ಕಿಗಳು ಅಲ್ಲೇ ಗೂಡು ಕಟ್ಟಿ, ಮರಿಗಳಿಗೆ ಕಿತ್ತಳೆಯ ಚಿಗುರು ತಿನ್ನುವ ಹಸಿರು ಹುಳಗಳನ್ನು ಆರಿಸಿ ಒಯ್ಯುತ್ತಿದ್ದವು. ಕಪ್ಪೆ, ಏಡಿ, ಸಂಜೆಯಾದರೆ ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳ ದಂಡು. ಮುಂದೆ ನಾನು ಅದೇ ಊರಿನ ಒಂದು ಶಾಲೆಯಲ್ಲಿ ಕಲಿಸಿದೆ. ವಿಜ್ಞಾನದ ಪಾಠ ಬಂದಾಗ ಹಲಗೆಯ ನಡುವೆ ಒಂದು ಗೆರೆ ಎಳೆದು, ಈ ಕಡೆ ಜೀವವಿರುವವು, ಆ ಕಡೆ ಜೀವವಿಲ್ಲದವು ಎಂದು ಬರೆಸಬೇಕಿತ್ತು. ಮಣ್ಣು, ನೀರು, ಬಿಸಿಲು, ಗಾಳಿ ಆ ಕಡೆ. ಹುಲ್ಲು, ಮೀನು, ಹಕ್ಕಿ, ಮನುಷ್ಯ ಈ ಕಡೆ. ಪ್ರತಿ ವರ್ಷ ಸೀಮೆಸುಣ್ಣ ಹಿಡಿದು ನಿಂತಾಗ ನನಗೆ ರೇಗುತ್ತಿತ್ತು. ಆ ದಂಡೆಯನ್ನು ಯಾವ ಕಡೆ ಬರೆಯಲಿ? ಮಣ್ಣು ನಿಂತದ್ದು ಹುಲ್ಲಿನಿಂದ, ಹುಲ್ಲು ನಿಂತದ್ದು ಮಣ್ಣಿನಿಂದ, ನೀರು ನಿಂತದ್ದು ಎರಡರಿಂದ, ಆಜಿ ನಿಂತದ್ದು ಆ ನೀರಿನಿಂದ. ಪುಸ್ತಕ ಬರೆದವರು ಒಂದು ಹಳ್ಳದ ದಂಡೆಯ ಮೇಲಾದರೂ ಕೂತೆದ್ದು ಬರೆಯಬಾರದಿತ್ತೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಗೆರೆ ಎಳೆಯುತ್ತಿದ್ದೆ.

ಕಾರ್ತಿಕದಲ್ಲಿ ಒಂದು ದಿನ ನಾನು ಆ ಹುಲ್ಲಿನ ಒಂದು ಬುಡವನ್ನು ಸುಮ್ಮನೆ ಎಳೆದು ನೋಡಿದೆ. ಬೇರು ಕಿತ್ತು ಬಂದೊಡನೆ ಆ ವಾಸನೆ ಬಂತು. ನನ್ನ ತಂದೆ ಆಯುರ್ವೇದದ ವೈದ್ಯರು, ಬೇರು ತೊಳೆದು ಒಣಗಿಸುವುದು ನಾನು ಲಂಗ ಉಡುವ ಕಾಲದಿಂದ ಮಾಡಿದ ಕೆಲಸ. ಲಾವಂಚ! ಗಾಂಧಿಬಾಗ್ ಪೇಟೆಯ ಅಂಗಡಿಯಲ್ಲಿ ಒಣಗಿ ಸುಕ್ಕಾದ ಚಿಕ್ಕ ಕಟ್ಟನ್ನು ಮಹಾ ಅಪರೂಪದ ವಸ್ತುವಿನಂತೆ ಕೊಡುತ್ತಿದ್ದರು, ಇಲ್ಲಿ ನೋಡಿದರೆ ದಂಡೆಯ ತುಂಬ ಅದೇ. ಅಷ್ಟರಲ್ಲಿ ಆಜಿ ಓಡಿ ಬಂದು ನನ್ನ ಮುಂಗೈ ಹಿಡಿದಳು. ಅವಳಿಗೆ ಅದು ಲಾವಂಚ ಎಂದು ನನಗಿಂತ ಮೊದಲೇ ಗೊತ್ತಿತ್ತು. ಅವರ ಮಾತಿನಲ್ಲಿ ಅದು ವಾಳಾ. ಅದಕ್ಕೆ ಅವಳ ಅತ್ತೆಯ ಕಾಲದಿಂದ ಒಂದು ಕಟ್ಟಳೆ ಇತ್ತು.

"ಬೇರು ಬೇಕಂದ್ರ ಒಯ್ಯಿ, ಯಾರು ಬ್ಯಾಡಂತಾರ. ಖರೆ ಬುಡ ಮೊದಲ ಮಣ್ಣಿಗಿಡು, ಆಮ್ಯಾಲೆ ಬೇರು ಮನಿಗೆ ಒಯ್ಯಿ," ಎಂದಳು.

ಕಟ್ಟಳೆ ಅಷ್ಟೇ ಅಲ್ಲ. ಇಳಿಜಾರಿನ ಬುಡ ಮುಟ್ಟಬಾರದು, ಆಚೆ ಸಮತಟ್ಟಾದ ಮರಳಿನಲ್ಲಿ ಬೆಳೆದದ್ದನ್ನಷ್ಟೇ ಅಗೆಯಬೇಕು. ಅದೂ ಚಳಿಗಾಲದಲ್ಲಿ ಮಾತ್ರ, ಮತ್ತೆ ಇಟ್ಟ ಬುಡ ಮುಂದಿನ ಮಳೆಗಾಲದೊಳಗೆ ಬೇರು ಬಿಟ್ಟು ಮಣ್ಣು ಹಿಡಿಯಬೇಕಲ್ಲ. ನಾನು ಕಿತ್ತ ಬುಡದ ಬೇರನ್ನು ಅವಳು ಕುಡುಗೋಲಿನಿಂದ ಕೊಯ್ದು ನನ್ನ ಕೈಗಿಟ್ಟಳು. ಎಲೆಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಬಾವಿಯ ಮಗ್ಗುಲಲ್ಲಿ ದಂಡೆಯ ಅಂಚಿಗೆ ನನ್ನ ಕೈಯಿಂದಲೇ ನೆಡಿಸಿದಳು. ನೆಟ್ಟ ಮೇಲೆ ಕಾಲಿನಿಂದ ಮಣ್ಣು ತುಳಿಸಿದಳು. ಎರೆಮಣ್ಣು ಮೋಸದ್ದು, ಒಣಗಿದರೆ ಬಾಯಿ ಬಿಡುತ್ತದೆ, ತೊಯ್ದರೆ ಕರಗುತ್ತದೆ, ಇದನ್ನು ಹಿಡಿದಿಡುವುದು ಈ ಹುಲ್ಲೊಂದೇ ಎಂದಳು. ನಾನೂ ಎರಿ ಸೀಮೆಯವಳೇ. ಮಳೆಗೆ ನಮ್ಮ ಹೊಲದ ಬದುವು ಬೆಲ್ಲದಂತೆ ಕರಗಿ ಹೋದದ್ದನ್ನು ಕಣ್ಣಾರೆ ಕಂಡವಳು. ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಯಾವ ನೆವವೂ ಇಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಮಾಘ ಕಳೆದು ಬಿಸಿಲು ಏರತೊಡಗಿತ್ತು. ಒಂದು ಸಂಜೆ ಗಂಡ ಊಟಕ್ಕೆ ಕೂತು ಆಫೀಸಿನ ಸುದ್ದಿ ಹೇಳುತ್ತಿದ್ದರು. ಆ ವರ್ಷ ದೊಡ್ಡ ಸಾಹೇಬರು ತಮ್ಮ ಕೋಣೆಗಷ್ಟೇ ಅಲ್ಲ, ಬಂಗಲೆಗೂ, ಸಭೆ ಕೂಡುವ ಹಾಲಿಗೂ ತಟ್ಟಿ ಕಟ್ಟಿಸಬೇಕೆಂದಿದ್ದಾರೆ, ಗಾಂಧಿಬಾಗ್‌ನ ಗುತ್ತಿಗೆದಾರ ಅಷ್ಟು ಬೇರು ಹೊರಗಿನಿಂದ ತರಿಸಲು ತಡವಾಗುತ್ತದೆ ಎಂದು ಕೈಚೆಲ್ಲಿದ್ದಾನೆ ಎಂದರು. ಸಾರು ಬಡಿಸುತ್ತಿದ್ದ ನಾನು, ಅದಕ್ಕ ಇಷ್ಟ್ಯಾಕ ತಲಿ ಕೆಡಿಸಿಕೊಳ್ತೀರಿ, ಇಲ್ಲೇ ಹಳ್ಳದಾಗ ಬೇಕಾದಷ್ಟು ಐತಿ ಎಂದೆ. ನನ್ನ ಜಾಣತನ ತೋರಿಸಿಕೊಳ್ಳುವ ಚಪಲ, ಮತ್ತೇನಿಲ್ಲ. ಆ ಊರಿನಲ್ಲಿ ನಾನು ಯಾರಿಗೂ ಬೇಕಾದವಳಲ್ಲ, ಮಾರುಕಟ್ಟೆಯಲ್ಲಿ ನನ್ನ ಮರಾಠಿ ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನನಗೆ ಗೊತ್ತಿದ್ದ ಒಂದು ವಿಷಯ ಸಾಹೇಬರಿಗೂ ಗೊತ್ತಿಲ್ಲ ಎಂಬುದೇ ದೊಡ್ಡದಾಗಿ ಕಂಡಿತು. ಆಜಿಯ ಕಟ್ಟಳೆಯನ್ನು ಮಾತ್ರ ಹೇಳಲಿಲ್ಲ. ಊಟದ ಹೊತ್ತಿನ ಮಾತಿಗೆ ಅದು ಉದ್ದವಾಯಿತು ಎಂದೋ ಏನೋ.

ಗಂಡ ಮರುದಿನವೇ ಸಾಹೇಬರ ಕಿವಿಗೆ ಹಾಕಿದರು. ಅವರನ್ನು ಅಲ್ಲಿಯವರೆಗೆ ಕಾನಡಿ ಬಾಬು, ಕನ್ನಡದ ಗುಮಾಸ್ತ, ಎಂದಷ್ಟೇ ಕರೆಯುತ್ತಿದ್ದ ಸಾಹೇಬರು ಅಂದು ಹೆಸರು ಹಿಡಿದು ಕರೆದರಂತೆ. ಆ ಸಂತೋಷಕ್ಕೆ ಮನೆಗೆ ಬರುವಾಗ ಜಿಲೇಬಿ ತಂದರು. ನಾನೂ ತಿಂದೆ.

ಚೈತ್ರದಲ್ಲಿ ಗುತ್ತಿಗೆದಾರನ ಜನ ಬಂದರು. ಗುದ್ದಲಿ, ಪಿಕಾಸಿ, ಎರಡು ಎತ್ತಿನ ಗಾಡಿ. ನಾನು ಹೋಗಿ ನೋಡುವಷ್ಟರಲ್ಲಿ ಆಚೆಯ ಮರಳಿನ ಹುಲ್ಲು ಮುಗಿದಿತ್ತು, ಇಳಿಜಾರಿಗೆ ಕೈ ಹಚ್ಚಿದ್ದರು. ಬುಡಗಳನ್ನು ಕಡಿದು ಹಳ್ಳಕ್ಕೆ ಬಿಸಾಡುತ್ತಿದ್ದರು, ಬೇರು ಮಾತ್ರ ಗಾಡಿಗೆ. ಗೇಣುದ್ದ ಎಲೆ ಬಿಟ್ಟು ಮತ್ತೆ ನೆಡಬಹುದಾಗಿದ್ದ ಬುಡಗಳು ಬಿಸಿಲಿನಲ್ಲಿ ರಾಶಿ ಬಿದ್ದಿದ್ದವು. ಮಿಂಚುಳ್ಳಿಯ ಬಿಲದ ಮಣ್ಣು ಕುಸಿದು ಮೊಟ್ಟೆ ಒಡೆದು ಲೋಳೆ ಸುರಿದಿತ್ತು, ಅದರ ಮೇಲೆ ಇರುವೆ ಮುತ್ತಿದ್ದವು. ಆಜಿ ಗುತ್ತಿಗೆದಾರನ ಮುಂದೆ ನಿಂತು ಕೂಗಾಡುತ್ತಿದ್ದಳು. ಅವನು ಬೀಡಿ ಸೇದುತ್ತ, ಹಳ್ಳ ಸರ್ಕಾರದ್ದು, ಹುಲ್ಲು ಸರ್ಕಾರದ್ದು, ನಿನ್ನ ತೋಟದ ಒಂದು ಕಡ್ಡಿ ಮುಟ್ಟಿದ್ದರೆ ಹೇಳು ಎಂದ. ಲೆಕ್ಕಕ್ಕೆ ಅವನ ಮಾತು ಸರಿ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು. ಹುಲ್ಲು ಒಬ್ಬರದು, ಮಣ್ಣು ಇನ್ನೊಬ್ಬರದು, ನೀರು ಮತ್ತೊಬ್ಬರದು ಎಂದು ಕಾಗದದ ಮೇಲೆ ಹಂಚಿಕೊಂಡವರು ಯಾರೋ, ಅದು ಹಳ್ಳಕ್ಕೆ ಗೊತ್ತಿಲ್ಲವಲ್ಲ. ನಾನು ಅವನನ್ನು ನಿಲ್ಲಿಸಲು ಮುಂದೆ ಹೋದೆ. ಅವನು ನನಗೆ ಕೈಮುಗಿದು, ಬಾಯಿಸಾಹೇಬ್, ನಿಮ್ಮ ಉಪಕಾರ ಎಂದುಬಿಟ್ಟ. ಆಜಿ ನನ್ನ ಕಡೆ ತಿರುಗಿ ನೋಡಿದಳು. ಆ ಹುಲ್ಲಿನ ಸುದ್ದಿ ಆಫೀಸಿಗೆ ಹೇಗೆ ಹೋಯಿತು ಎಂದು ಅವಳಿಗೆ ಆಗ ತಿಳಿಯಿತು.

ಮನೆಗೆ ಬಂದು ಗಂಡನ ಮುಂದೆ ಕೂತೆ. ಇಳಿಜಾರು ಬಿಡಿ ಎಂದು ಸಾಹೇಬರಿಗೆ ಒಂದು ಮಾತು ಹೇಳಿ ಎಂದು ಅಂಗಲಾಚಿದೆ. ಮಳೆಗಾಲಕ್ಕೆ ಎರಡೇ ತಿಂಗಳಿದೆ, ಬರಿಮೈ ದಂಡೆ ನಿಲ್ಲುವುದಿಲ್ಲ, ಬಾವಿ ಹೋದರೆ ಉಪವಾಸ ಹಾಕಿದ ನಲವತ್ತು ಗಿಡವೂ ಹೋಗುತ್ತವೆ ಎಂದು ಬಿಡಿಸಿ ಹೇಳಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಅವರು ಹೇಳಿದರು: "ಹುಲ್ಲಿನ ಮಾತು ತಗೊಂಡು ಸಾಹೇಬರ ಮುಂದ ಹೆಂಗ ನಿಲ್ಲಲಿ? ನಗ್ತಾರ. ಮತ್ತ ತೋರಿಸಿದಾಕಿ ನೀನ ಅಲ್ಲೇನು?"

ವಾರವಾದ ಮೇಲೆ ಆಫೀಸಿನ ಜವಾನ ನಮ್ಮ ಮನೆಗೊಂದು ತಟ್ಟಿ ಹೊತ್ತು ತಂದ. ಸಾಹೇಬರು ಸಂತೋಷಕ್ಕೆ ಕೊಟ್ಟದ್ದು. ಗುಮಾಸ್ತರ ಲೈನಿನಲ್ಲಿ ತಟ್ಟಿಯ ಕಿಟಕಿ ನಮ್ಮದೊಂದೇ. ಬೇಡ, ವಾಪಸು ಒಯ್ಯಿ ಎನ್ನಬೇಕಿತ್ತು. ಬಾಗಿಲಲ್ಲಿ ನಿಂತು, ಆ ಕಿಟಕಿಗೆ ಕಟ್ಟು ಎಂದೆ. ಆ ಬೇಸಿಗೆ ಕಳೆದ ವರ್ಷಕ್ಕಿಂತ ಕೆಟ್ಟದ್ದಾಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಧ್ಯಾಹ್ನ ತಟ್ಟಿಗೆ ಎರಡು ಕೊಡ ನೀರು ಹಾಕಿ ಅದರ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯವರು ತಂಪಿಗೆಂದು ಬಂದು ಕೂತರೆ ನನ್ನ ತಂದೆಯ ವೈದ್ಯಕೀಯದ ಬಗ್ಗೆ ದೊಡ್ಡದಾಗಿ ಹೇಳುತ್ತಿದ್ದೆ. ತೋಟದ ಕಡೆ ಮಾತ್ರ ಹೋಗಲಿಲ್ಲ.

ವೈಶಾಖದ ಒಂದು ಮಧ್ಯಾಹ್ನ ಆಜಿಯೇ ಬಂದಳು. ಆ ಬಿಸಿಲಿನಲ್ಲಿ ಬರಿಗಾಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು. ಬಾಗಿಲು ತೆಗೆದವಳು ನಾನು. ಒಳಗೆ ಕರೆಯಲೋ ಬೇಡವೋ ಎಂದು ತಡವರಿಸಿದೆ, ಕರೆದೆ. ಕುಳಿತು ನೀರು ಕುಡಿದು ಸುದ್ದಿ ಹೇಳಿದಳು. ಮಡುವಿನ ನೀರು ಈ ಸಲ ಚೈತ್ರ ಮುಗಿಯುವುದರೊಳಗೆ ಕಾದು ಕೆಸರಾಗಿ, ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ಕಪ್ಪೆಗಳು ಎಲ್ಲಿ ಹೋದವೋ. ಬಾವಿಯಲ್ಲಿ ಇನ್ನೂ ಆಳುದ್ದ ನೀರಿದೆ. ಅಗೆಯುವವರು ಈಗ ಬಾವಿಯ ಮಗ್ಗುಲಿಗೆ ಬಂದಿದ್ದಾರೆ, ನಾಳೆಯೋ ನಾಡಿದ್ದೋ ಆ ಸಾಲಿಗೂ ಕೈ ಹಾಕುತ್ತಾರೆ.

"ಬಾವಿ ಮಗ್ಗಲದ ಒಂದು ಸಾಲು ಬಿಡಸು, ತಂಗಿ," ಎಂದಳು. "ಉಳಿದದ್ದು ಹೋದ್ರ ಹೋಗ್ಲಿ. ನಿನ್ನ ಗಂಡನ ಮಾತು ಸಾಹೇಬ ಕೇಳ್ತಾನಂತ."

ಅಷ್ಟರಲ್ಲಿ ಗಾಳಿ ಬೀಸಿತು. ಒದ್ದೆ ತಟ್ಟಿಯಿಂದ ತಂಪು ಬಂದು ಅವಳ ಮುಖಕ್ಕೆ ತಗುಲಿತು. ಅವಳು ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ತನ್ನ ದಂಡೆಯ ಬೇರು ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ನಾನು ನೆಲ ನೋಡುತ್ತ ಕೂತೆ. ಅವಳು ಲೋಟ ಕೆಳಗಿಟ್ಟು ಎದ್ದಳು.

"ಚಲೋ ತಂಪೈತಿ ನಿನ್ನ ಮನಿ," ಎಂದಳು.

ಬಾಗಿಲು ದಾಟಿ ಬಿಸಿಲಿಗೆ ಇಳಿದು ಹೋದಳು. ಅವಳು ನನ್ನ ಜುಟ್ಟು ಹಿಡಿದು ಬೈದಿದ್ದರೆ ಆ ದಿನ ನಾನು ಆಫೀಸಿಗೇ ಹೋಗಿ ಸಾಹೇಬರ ಮುಂದೆ ನಿಲ್ಲುತ್ತಿದ್ದೆನೋ ಏನೋ. ಬೈಯಲಿಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು ಬಂದದ್ದು ಹೌದು. ಸಂಜೆ ಗಂಡನಿಗೆ ಮತ್ತೆ ಹೇಳಿದೆ. ನಾಳೆ ನೋಡೋಣ ಎಂದರು. ಮರುದಿನ ಸಾಹೇಬರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ, ಒಳಗಿನ ತಂಪು ಮುಖಕ್ಕೆ ತಾಗುವಷ್ಟು ಹತ್ತಿರ ನಿಂತು, ಮರಳಿ ಬಂದರಂತೆ. ಮೂರನೆಯ ದಿನ ಆ ಸಾಲೂ ಗಾಡಿ ಏರಿತು.

ಮೃಗಶಿರೆ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಒಂದು ಸಂಜೆ, ಒಂದು ಬೆಳಗು ಧೋ ಎಂದು ಸುರಿಯಿತು. ಊರೆಲ್ಲ ಹಿಗ್ಗಿ ಹೊರಗೆ ಬಂದು ನೆನೆಯುತ್ತಿತ್ತು, ನಾನು ಕೊಡೆ ಹಿಡಿದು ಹಳ್ಳದ ಕಡೆ ಓಡಿದೆ. ನೀರು ಕಪ್ಪಗೆ, ಗಟ್ಟಿಯಾಗಿ, ಅಂಬಲಿಯಂತೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ದಂಡೆಯ ಬಿರುಕುಗಳೊಳಗೆ ಮಳೆ ನುಗ್ಗಿ, ಹೆಂಟೆ ಹೆಂಟೆಯಾಗಿ ಮಣ್ಣು ಹಳ್ಳಕ್ಕೆ ಬೀಳುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕಪಿಲೆಯ ಕಟ್ಟೆಯ ಒಂದು ಮೂಲೆ ವಾಲಿತು. ಆಮೇಲೆ ಬಾವಿಯ ಕಲ್ಲಿನ ಸುತ್ತುಗಟ್ಟೆ ಒಂದು ಕಡೆಯಿಂದ ಒಳಗೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮಡುವಿದ್ದ ಜಾಗವೂ ಹೂಳಿನಿಂದ ಸಮವಾಯಿತು. ಆಜಿ ಎತ್ತುಗಳ ಹಗ್ಗ ಹಿಡಿದುಕೊಂಡು ನಿಂತಿದ್ದಳು.

ನೀರು ಇಳಿದ ಮೇಲೆ ಅವಳು ನನ್ನನ್ನು ಕರೆದು ತೋರಿಸಿದಳು. ಬಾವಿಯ ಮಗ್ಗುಲಲ್ಲಿ ದಂಡೆ ಕೊಚ್ಚಿಹೋದಲ್ಲಿ ಮೊಳ ಅಗಲದ, ಎದೆಯೆತ್ತರದ ಒಂದು ಮಣ್ಣಿನ ದಿಬ್ಬ ಮಾತ್ರ ನಿಂತಿತ್ತು. ಸುತ್ತ ಎಲ್ಲ ಖಾಲಿ. ದಿಬ್ಬದ ನೆತ್ತಿಯಲ್ಲಿ ಒಂದು ಲಾವಂಚದ ಬುಡ, ಹಸಿರು ಎಲೆ ಬಿಟ್ಟುಕೊಂಡು. ಬದಿಗಳಲ್ಲಿ ಬೇರು ಹೊರಗೆ ಕಾಣುತ್ತಿತ್ತು, ಒಂದೊಂದು ಎಳೆಯೂ ಮಣ್ಣನ್ನು ಬಿಗಿಯಾಗಿ ಹಿಡಿದಿತ್ತು. ಕಾರ್ತಿಕದಲ್ಲಿ ನಾನು ನೆಟ್ಟ ಬುಡ. ಇನ್ನೂ ಎಳೆಯದು, ಬೇರು ಸಾಲದು ಎಂದು ಅಗೆಯುವವರು ಬಿಟ್ಟುಹೋಗಿದ್ದರು.

"ನೋಡು, ನೀ ಹಚ್ಚಿದ್ದು," ಎಂದಳು ಆಜಿ.

ಏಳು ತಿಂಗಳ ಒಂದು ಬುಡ ಅಷ್ಟು ಮಣ್ಣು ಹಿಡಿದಿದ್ದರೆ, ಅವಳ ಅತ್ತೆಯ ಕಾಲದಿಂದ ಬೆಳೆದ ಸಾಲು ಏನು ಹಿಡಿಯುತ್ತಿರಲಿಲ್ಲ? ನನಗೆ ಅಲ್ಲೇ ಅಳು ಬಂತು. ಅತ್ತು ಏನು ಮಾಡುವುದು, ಬಾವಿ ಏಳುತ್ತದೆಯೇ?

ಮುಂದಿನದು ಅವಳು ಹೇಳಿದಂತೆಯೇ ನಡೆಯಿತು. ಉಪವಾಸ ಮುರಿದ ಗಿಡಗಳು ಮೈತುಂಬ ಹೂ ಬಿಟ್ಟವು. ಕ್ವಾರ್ಟರ್ಸ್‌ವರೆಗೆ ವಾಸನೆ ಬಂತು. ಆಮೇಲೆ ಮೂರು ವಾರ ಮಳೆ ಬಂದ್. ಬೇರೆ ವರ್ಷಗಳಲ್ಲೂ ಹೀಗೆ ಬಂದ್ ಆಗುತ್ತಿತ್ತು, ಬಾವಿ ದಾಟಿಸುತ್ತಿತ್ತು. ಈ ಸಲ ಆಜಿ ಅರ್ಧ ಮೈಲಿ ಆಚೆಯಿಂದ ಕೊಡದಲ್ಲಿ ನೀರು ಹೊತ್ತಳು, ನಾನೂ ಹೊತ್ತೆ. ನಲವತ್ತು ಗಿಡಕ್ಕೆ ಎರಡು ಹೆಂಗಸರ ಕೊಡ ಎಲ್ಲಿಗೆ ಸಾಕು? ಹೂ ಉದುರಿದವು. ಉಳಿದ ಚಿಗುರನ್ನು ಹಸಿರು ಹುಳಗಳು ಮೇಯ್ದವು. ಅವುಗಳನ್ನು ಆರಿಸಿ ಒಯ್ಯುವ ಹಕ್ಕಿಗಳು ಆ ವರ್ಷ ಗೂಡು ಕಟ್ಟಲು ಹುಲ್ಲಿಲ್ಲದೆ ಬಂದೇ ಇರಲಿಲ್ಲ. ಗಿಡಗಳು ತುದಿಯಿಂದ ಕೆಳಕ್ಕೆ ಒಣಗುತ್ತ ಬಂದವು. ದೀಪಾವಳಿಯ ಹೊತ್ತಿಗೆ ಆಜಿ ಎತ್ತುಗಳನ್ನು ಹೊಡೆದುಕೊಂಡು ಮಗಳ ಊರಿಗೆ ಹೋದಳು. ಹೋಗುವ ಮೊದಲು ಒಮ್ಮೆ ನನ್ನನ್ನು ಹಳ್ಳದ ಮೇಲ್ಗಡೆ ಕರೆದೊಯ್ದು, ಮುಳ್ಳುಪೊದೆಗಳ ಹಿಂದೆ ಒಂದು ತಿರುವಿನಲ್ಲಿ ಇನ್ನೂ ನಿಂತಿದ್ದ ಲಾವಂಚದ ದಂಡೆ ತೋರಿಸಿದಳು. ಅದರ ಪಕ್ಕದಲ್ಲಿ ಬೇರೆಯವರ ಬಾವಿಯಿತ್ತು. ಯಾಕೆ ತೋರಿಸಿದಳು ಎಂದು ಹೇಳಲಿಲ್ಲ. ನನ್ನನ್ನು ನಂಬಿದಳೋ, ಇಲ್ಲ ನಂಬಿ ನೋಡಿದಳೋ.

ಆಫೀಸಿನ ತಟ್ಟಿಗಳನ್ನು ಮಳೆ ಬಂದ ವಾರವೇ ಬಿಚ್ಚಿ ಹಿತ್ತಲಿಗೆ ಒಗೆದಿದ್ದರು. ಜವಾನ ಒಂದು ಹೊರೆ ಬೇರು ತಂದು, ಸ್ನಾನದ ನೀರು ಕಾಯಿಸಲಿಕ್ಕೆ ಆಗುತ್ತದೆ ಬಾಯಿಸಾಹೇಬ್ ಎಂದು ನಮ್ಮ ಒಲೆಯ ಪಕ್ಕಕ್ಕೆ ಹಾಕಿದ. ಒಂದು ಬೇಸಿಗೆಯ ತಂಪು ಮುಗಿದಿತ್ತಲ್ಲ, ಇನ್ನು ಅದನ್ನು ಯಾರು ಕೇಳುತ್ತಾರೆ?

ಮರು ವರ್ಷ ಹೋಳಿ ಹತ್ತಿರ ಬಂದಾಗ ಗಂಡ ಆಫೀಸಿನಿಂದ ಬಂದವರೇ ಚಪ್ಪಲಿ ಬಿಚ್ಚುತ್ತ ಹೇಳಿದರು. ಈ ಸಲ ಸಾಹೇಬರು ಗುಮಾಸ್ತರ ಹಾಲಿಗೂ ತಟ್ಟಿ ಮಂಜೂರು ಮಾಡುತ್ತಾರಂತೆ, ಬೇರು ಹತ್ತಿರದಲ್ಲಿ ಸಿಕ್ಕರೆ. ಅವರ ಬೆನ್ನಿನ ಮೇಲೆ ಹಿಂದಿನ ಬೇಸಿಗೆಯ ಬೆವರುಗುಳ್ಳೆಯ ಕಲೆ ಇನ್ನೂ ಮಾಸಿರಲಿಲ್ಲ.

"ಮತ್ತೆಲ್ಲೆರೆ ಐತೇನು?" ಎಂದು ಕೇಳಿದರು.

"ಇಲ್ಲ," ಎಂದೆ.

"ಖರೇನ?"

"ಖರೆ."

ಗಂಡನ ಮುಂದೆ ನಾನು ಆಡಿದ ಮೊದಲ ಸುಳ್ಳು ಅದು. ಆ ಬೇಸಿಗೆ ಅವರು ಮತ್ತೆ ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಬರೆದರು. ಸಂಜೆ ಅವರ ಬೆನ್ನಿಗೆ ಗಂಧ ತೇಯ್ದು ಹಚ್ಚುವಾಗ ನನಗೆ ಕನಿಕರ ಬರುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಸಾಹೇಬರ ಕೋಣೆಗೆ ಎಲ್ಲಿಂದಲೋ ಬೇರು ಬಂತು. ಅದು ಯಾರ ಬಾವಿಯ ದಂಡೆಯದು ಎಂದು ಯಾರೂ ಕೇಳಲಿಲ್ಲ. ತಿರುವಿನ ದಂಡೆ ಮಾತ್ರ ನಾವು ಆ ಊರು ಬಿಡುವವರೆಗೂ ಇತ್ತು, ಅದರ ಪಕ್ಕದ ಬಾವಿಯೂ ಇತ್ತು. ಎರಡೂ ಉಳಿಯಲು ನಾನು ಮಾಡಬೇಕಾಗಿದ್ದದ್ದು ‘ಇಲ್ಲ’ ಎನ್ನುವುದಷ್ಟೇ. ಆಜಿಯ ಬಾವಿಗೂ ಅಷ್ಟೇ ಸಾಕಿತ್ತು.